ಸುಪೀರಿಯರ್ ಸರೋವರದ ದ್ವೀಪಗಳೂ ಕಾರಿಬೂ ಮೃಗಗಳೂ

ಉತ್ತರ ಅಮೆರಿಕಾ ಖಂಡದ ನಡುವೆ, ಕೆನಡಾ ದೇಶಕ್ಕೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೂ ಮೇರೆಯಾಗಿ ಸುಪೀರಿಯರ್ ಎಂಬ ಸರೋವರವಿದೆ. ಸರೋವರವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಊರ ಮುಂದಿನ ಕೆರೆ. ಹೆಚ್ಚೆಂದರೆ ಕನ್ನಂಬಾಡಿಯ ಜಲಾಶಯ. ಇದಾದರೋ ಸುಮಾರು 350 ಮೈಲಿ ಉದ್ದ, 160 ಮೈಲಿ ಅಗಲವುಳ್ಳದ್ದು. ನಮ್ಮ ಕರ್ನಾಟಕವನ್ನು ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗೂ ಮಿಗಿಲಾದ ನೆಲವನ್ನು ಈ ಸರೋವರವೊಂದೇ ಮುಚ್ಚಬಲ್ಲದು. ನೀರು ಸಿಹಿ, ಆದರೆ ಅಲೆಗಳು ಸಮುದ್ರದವೇ. 1975ನೆಯ ನವೆಂಬರ್ 10ರಂದು ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಭಾರಿ ಹಡಗು ಇಲ್ಲಿಯ ಬಿರುಗಾಳಿಗೆ ಸಿಕ್ಕಿ ಮುಳುಗಿದಾಗ ಅದರಲ್ಲಿದ್ದ 29 ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಈ ತೀರದ ಮೂಲನಿವಾಸಿಗಳಾದ ಒಜಿಬ್ವೆ ಜನರು ಇದನ್ನು ‘ಗಿಚಿಗಮಿ’, ಎಂದರೆ ಮಹಾಸಾಗರ, ಎಂದು ಕರೆದುದು ಯಥಾರ್ಥವೇ ಸರಿ.

ಸೂ ಸೇಂಟ್ ಮರಿ ಎಂಬ ಪಟ್ಟಣದಿಂದ ಉತ್ತರಕ್ಕೆ ಹೊರಟ ಹೆದ್ದಾರಿಯು ಈ ಸರೋವರದ ಪೂರ್ವ ದಡವನ್ನು ಅನುಸರಿಸಿ ಸುಮಾರು 140 ಮೈಲಿ ನಡೆದು ವಾವಾ ಎಂಬ ಊರನ್ನು ಸೇರುತ್ತದೆ. ಒಂದು ಕಡೆ ಬಂಡೆಗಲ್ಲಿನ ಗುಡ್ಡಗಳು, ಭೂರ್ಜ ವೃಕ್ಷಗಳು, ದೇವದಾರುವಿನ ಬಂಧುಗಳಾದ ಸೂಜಿಯೆಲೆಯ ಮರಗಳು. ಇನ್ನೊಂದು ಕಡೆ ಕಣ್ಣು ಹರಿಯುವವರೆಗೂ ನೀರು. ದಾರಿಯಲ್ಲಿ ಅಗಾವಾ ಎಂಬಲ್ಲಿ, ನೀರಿಗೆ ನೇರವಾಗಿ ಇಳಿದಿರುವ ಕಡಿಬಂಡೆಯ ಮೇಲೆ ಹಿಂದಿನವರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿವೆ. ವಾವಾ ಎಂದರೆ ಕಾಡು ಬಾತು. ಊರ ಬಾಗಿಲಲ್ಲಿ ಆ ಹಕ್ಕಿಯ ದೊಡ್ಡದೊಂದು ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಇಲ್ಲಿಂದ ನೈರುತ್ಯಕ್ಕೆ, ದಡದಿಂದ ಸುಮಾರು 10 ಮೈಲಿ ದೂರದಲ್ಲಿ, ಮಿಶಿಪಿಕೋಟನ್ ದ್ವೀಪವಿದೆ. ನಾವು ಹೇಳಹೊರಟಿರುವ ಕಥೆ ನಡೆದುದು ಅಲ್ಲಿಯೇ.

ಕಾರಿಬೂ ಎಂಬುದು ಜಿಂಕೆಯ ಜಾತಿಯ ಮೃಗ. ಯೂರೋಪಿನವರು ಹಿಮಸಾರಂಗವೆಂದು ಸಾಕುವುದೂ ಇದೇ ಜಾತಿಯದು. ಇತರ ಜಿಂಕೆಗಳಲ್ಲಿ ಕವಲುಗೊಂಬು ಗಂಡಿಗೆ ಮಾತ್ರ. ಇದರಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ಉಂಟು. ಗೊರಸು ಅಗಲವಾಗಿರುವುದರಿಂದ ಹಿಮದಲ್ಲಿ ಹೂತುಹೋಗದೆ ನಡೆಯಬಲ್ಲದು. ಅದರಿಂದಲೇ ಹಿಮವನ್ನು ಕೆದಕಿ ಆಹಾರವನ್ನು ಹುಡುಕುವುದು. ಆ ಆಹಾರವಾದರೂ ಏನು? ನಮ್ಮ ಗೃಹಿಣಿಯರು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದು. ಇದು ಹಳೆಯ ಕಾಡಿನಲ್ಲಿ ನೆಲದ ಮೇಲೂ ಮರಗಳ ಮೇಲೂ ನಿಧಾನವಾಗಿ ಬೆಳೆಯತಕ್ಕದ್ದು. ಮೃಗದ ಸಂತಾನವೂ ನಿಧಾನವೇ: ವರ್ಷಕ್ಕೆ ಒಂದೇ ಮರಿ. ಕೆನಡಾದ 25 ಸೆಂಟಿನ ನಾಣ್ಯದ ಮೇಲೆ ಇದರ ಮುಖವೇ ಅಚ್ಚಾಗಿದೆ. ಆದರೆ ನಾಣ್ಯದಲ್ಲಿ ಸಿಕ್ಕುವಷ್ಟು ಸುಲಭವಾಗಿ ಕಾಡಿನಲ್ಲಿ ಅದು ಈಗ ಸಿಕ್ಕುವುದಿಲ್ಲ.

ಇದಕ್ಕೆ ಕಾರಣವನ್ನು ಬೇಟೆಯವರ ಬಂದೂಕಿನಲ್ಲಿ ಮಾತ್ರ ಹುಡುಕಬಾರದು. ಹಳೆಯ ಕಾಡನ್ನು ಕಡಿದಲ್ಲಿ ಎಳೆಯ ಗಿಡಗಳು ಚಿಗುರುವುವು. ಆ ಚಿಗುರನ್ನು ತಿನ್ನಲು ಮೂಸ್ ಎಂಬ ದೊಡ್ಡ ಕಡವೆಗಳೂ ಇತರ ಜಿಂಕೆಗಳೂ ಬರುವುವು. ಅವುಗಳ ಬೆನ್ನು ಹತ್ತಿ ತೋಳಗಳು ಬರುವುವು. ಮರ ಸಾಗಿಸಲು ಹಾಕಿದ ದಾರಿಗಳೇ ತೋಳಕ್ಕೂ ರಾಜಮಾರ್ಗಗಳಾಗುವುವು. ಮೂಸ್ ಹೇಗೋ ಎದುರಿಸಿ ನಿಂತೀತು, ಬೇಗ ಬೇಗ ಮರಿಯನ್ನೂ ಹಾಕೀತು; ಕಾರಿಬೂವಿಗೆ ಆ ಶಕ್ತಿಯಿಲ್ಲ. ಹೀಗೆ ನೂರು ವರ್ಷಗಳಿಂದ ಅವು ಉತ್ತರಕ್ಕೆ ಸರಿಯುತ್ತ ಹೋಗಿ, ಸುಪೀರಿಯರ್ ತೀರದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಹಿಂದುಳಿದವು.

ಅವುಗಳನ್ನು ಕಾಪಾಡಿದವು ದ್ವೀಪಗಳು. ಟೆರೇಸ್ ಬೇ ಊರಿನ ಎದುರಿಗಿರುವ ಸ್ಲೇಟ್ ದ್ವೀಪಗಳಿಗೆ, ಹಿಂದೆಂದೋ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದು ಬಂದ ಕೆಲವು ಕಾರಿಬೂಗಳು ಅಲ್ಲಿಯೇ ನೆಲೆಸಿ ನೂರಾರಾದವು. ತೋಳಗಳಿಲ್ಲದುದೇ ಅವಕ್ಕೆ ಕೋಟೆಯಾಯಿತು. 1980ರ ದಶಕದಲ್ಲಿ ಒಂಟೇರಿಯೋ ಸರಕಾರದವರು ಅಲ್ಲಿಂದ ಎಂಟು ಮೃಗಗಳನ್ನು ಹಿಡಿದು ಮಿಶಿಪಿಕೋಟನ್ ದ್ವೀಪಕ್ಕೆ ಒಯ್ದು ಬಿಟ್ಟರು. ಆ ಎಂಟರ ವಂಶವು ಮೂವತ್ತು ವರ್ಷಗಳೊಳಗೆ ಕೆಲವು ನೂರಕ್ಕೆ ಬೆಳೆಯಿತು. ಅದೇ ಕಾಲದಲ್ಲಿ ಒಳನಾಡಿನ ದಡದಲ್ಲಿ ಬಿಟ್ಟ ಇನ್ನೊಂದು ಹಿಂಡಾದರೋ ಬಾಳಲಿಲ್ಲ. ನೆಲದ ಮೇಲೆ ಸೋತದ್ದು ನೀರಿನ ನಡುವೆ ಗೆದ್ದಿತೆಂದು ಎಲ್ಲರೂ ಸಮಾಧಾನಪಟ್ಟರು.

ಆದರೆ 2014ರ ಚಳಿಗಾಲವು ಕಠಿಣವಾಗಿ ಬಂದಿತು. ಸರೋವರದ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚಿನ ಭಾಗವು ಮಂಜುಗಡ್ಡೆಯಾಯಿತು. ಕಾರಿಬೂಗಳನ್ನು ಹಿಂದೆ ದ್ವೀಪಕ್ಕೆ ತಂದಂಥ ಸೇತುವೆಯೇ ಈಗ ಕೆಲವು ತೋಳಗಳನ್ನೂ ತಂದಿತು. ಮಿಶಿಪಿಕೋಟನ್‌ನಲ್ಲಿ ಅವುಗಳ ಹಿಂಡು ಬೆಳೆಯಿತು. ನೂರಾರು ಕಾರಿಬೂಗಳು ನಾಲ್ಕೇ ವರ್ಷಗಳಲ್ಲಿ ಕೆಲವೇ ಕೆಲವಾದವು. ಸ್ಲೇಟ್ ದ್ವೀಪಗಳಿಗೂ ತೋಳಗಳು ಹೋಗಿದ್ದವು. ಕಾಲಾನಂತರ ಅಲ್ಲಿ ತೋಳಗಳೇನೋ ಇಲ್ಲವಾದವು. ಆದರೆ ಅಷ್ಟರಲ್ಲಿ ಕೆಲವು ಗಂಡು ಕಾರಿಬೂಗಳ ಹೊರತು ಬೇರೇನೂ ಉಳಿದಿರಲಿಲ್ಲ. ಒಂದು ದ್ವೀಪದಲ್ಲಿ ಮರಿ ಹಾಕಬಲ್ಲ ಹೆಣ್ಣುಗಳಿಗೆ ಪ್ರಾಣಭಯ. ಇನ್ನೊಂದರಲ್ಲಿ ಭಯವಿಲ್ಲ, ಆದರೆ ಹೆಣ್ಣುಗಳೇ ಇಲ್ಲ!

ಮಿಶಿಪಿಕೋಟನ್ ಮೂಲನಿವಾಸಿ ಜನಾಂಗದವರೂ ಈ ಮೃಗಗಳನ್ನು ಬಲ್ಲ ವಿಜ್ಞಾನಿಗಳೂ ಸರಕಾರವನ್ನು ಎಡೆಬಿಡದೆ ಒತ್ತಾಯಪಡಿಸಿದರು. ಕಡೆಗೆ 2018ರ ಜನವರಿಯಲ್ಲಿ ಕೆಲಸ ಮೊದಲಾಯಿತು. ಇಂಥ ಕೆಲಸದಲ್ಲಿ ಹೆಲಿಕಾಪ್ಟರಿನಿಂದ ಬಲೆಯನ್ನೆಸೆದು ಮೃಗವನ್ನು ಹಿಡಿಯುವರು. ಬೆದರದಂತೆ ಕಣ್ಣಿಗೆ ಬಟ್ಟೆ ಕಟ್ಟುವರು. ಕಾಲುಗಳನ್ನು ಬಿಗಿದು ವಿಮಾನಕ್ಕೇರಿಸುವರು. ಬಲೆಗೆ ಸಿಕ್ಕ ಮೃಗವು ಗಾಬರಿಯಿಂದಲೇ ಸಾಯಬಹುದಾದ್ದರಿಂದ ಪ್ರತಿಯೊಂದು ನಿಮಿಷಕ್ಕೂ ಬೆಲೆಯುಂಟು. ಹೀಗೆ ಎಂಟು ಹೆಣ್ಣುಗಳೂ ಒಂದು ಗಂಡೂ, ಒಟ್ಟು ಒಂಬತ್ತು, ತಮ್ಮ ಪೂರ್ವಿಕರ ಸ್ಲೇಟ್ ದ್ವೀಪಗಳಿಗೆ ಮರಳಿದವು. ಇನ್ನು ಕೆಲವನ್ನು ಅದೇ ವರ್ಷ ದಡದಿಂದ ಬಹುದೂರ ನಡುನೀರಿನಲ್ಲಿರುವ ಕಾರಿಬೂ ದ್ವೀಪಕ್ಕೆ ಒಯ್ದರು. ಅಜ್ಜಿಯ ಮನೆಯಿಂದ ಬಂದ ಬೀಜ ಮತ್ತೆ ಅಜ್ಜಿಯ ಹೊಲಕ್ಕೇ ಹೋದಂತಾಯಿತು.

ಇನ್ನು ತೋಳಗಳ ಗತಿ? ಕಾರಿಬೂಗಳು ಮುಗಿದ ಮೇಲೆ ಅವು ಮಿಶಿಪಿಕೋಟನ್‌ನಲ್ಲಿ ಹಸಿವಿನಿಂದ ಬಡಕಲಾದವು. ಇತ್ತ ಅದೇ ಸರೋವರದ ಐಲ್ ರಾಯಲ್ ಎಂಬ ಅಮೆರಿಕಾದ ದ್ವೀಪದಲ್ಲಿ ತೋಳಗಳು ಎರಡಕ್ಕಿಳಿದು, ಮೂಸ್‌ಗಳು ಎರಡು ಸಾವಿರದಷ್ಟಾಗಿ ಕಾಡನ್ನೇ ಮೇಯುತ್ತಿದ್ದವು. 2019ರಲ್ಲಿ ಮಿಶಿಪಿಕೋಟನ್‌ನ ತೋಳಗಳಲ್ಲಿ ಹಲವನ್ನು ಹಿಡಿದು ಅಲ್ಲಿಗೆ ಸಾಗಿಸಿದರು. ಕೊಲ್ಲುವ ಪ್ರಾಣಿಗೂ ಒಂದು ಸ್ಥಾನವುಂಟು. ಒಂದು ದ್ವೀಪದಲ್ಲಿ ಶಾಪವಾದುದೇ ಮತ್ತೊಂದರಲ್ಲಿ ವರವಾಯಿತು.

ಇಷ್ಟೆಲ್ಲವನ್ನು ಮನುಷ್ಯನು ಮಾಡಬೇಕೇ, ಪ್ರಕೃತಿಯ ವ್ಯವಹಾರವನ್ನು ಅದಕ್ಕೇ ಬಿಡಬಾರದೇ ಎಂದು ಕೇಳುವವರುಂಟು. ತೋಳವು ತಾನಾಗಿ ಬಂದುದು ನಿಜ. ಆದರೆ ಕಾರಿಬೂವನ್ನು ಒಳನಾಡಿನಿಂದ ಓಡಿಸಿ ದ್ವೀಪದ ಮೂಲೆಗೆ ಒತ್ತಿದುದು ಮನುಷ್ಯನ ಕೊಡಲಿ. ಮನೆಗೆ ಬೆಂಕಿಯಿಟ್ಟವನು, ಹಿತ್ತಲಲ್ಲಿ ಅಡಗಿದವರ ಯೋಗಕ್ಷೇಮವು ದೈವಕ್ಕೆ ಸೇರಿದ್ದೆಂದು ಹೇಳಿ ಕೈತೊಳೆದುಕೊಳ್ಳಬಹುದೇ? ಹಾಗೆಂದು ಈ ಸಾಗಾಟವೇ ರಕ್ಷಣೆಯೆಂದೂ ತಿಳಿಯಲಾಗದು. ನಾಲ್ಕಾರು ಮೃಗಗಳಿಂದ ಬೆಳೆದ ವಂಶದಲ್ಲಿ ರಕ್ತಸಂಬಂಧವು ಬಹಳ ಹತ್ತಿರದ್ದು. ಇನ್ನೊಂದು ಕಡುಚಳಿ ಬಂದರೆ ಇನ್ನೊಂದು ಸೇತುವೆ ಏಳಬಹುದು. ದ್ವೀಪವು ಬಿತ್ತನೆಯ ಕಾಳನ್ನಿಟ್ಟ ಕಣಜವಿದ್ದಂತೆ. ಕಣಜವನ್ನು ಕಾಯುವುದು ಅವಶ್ಯವೇ. ಆದರೆ ಬಿತ್ತಲು ಹೊಲವಿಲ್ಲದವನಿಗೆ ಕಾಳಿನಿಂದೇನು ಫಲ? ದಡದ ಮೇಲೆ ಹಳೆಯ ಕಾಡು ಮತ್ತೆ ದಟ್ಟವಾಗಿ, ಮರಗಳ ಮೇಲೆ ಕಲ್ಲುಹೂವು ತೂಗಾಡುವಂತಾದ ದಿನವೇ ಈ ಮೃಗಗಳ ಪ್ರವಾಸವು ಮುಗಿಯತಕ್ಕದ್ದು.