ಕಂಟ್ರೋಲು

ಕಾಲೇಜಿಗೆ ಹೋಗುವ ನಮ್ಮ ಮಗಳು ಮೊನ್ನೆ ಊಟದ ಹೊತ್ತಿಗೆ, “ಅಪ್ಪಾ, ನೀವು ಎಲ್ಲಾದ್ರಾಗೂ ಕಂಟ್ರೋಲ್ ಮಾಡ್ತೀರಿ” ಎಂದಳು. ತಿಂಗಳ ಖರ್ಚಿನ ಲೆಕ್ಕ ಕೇಳಿದ್ದೇ ನಮ್ಮ ಅಪರಾಧ.

ಹುಬ್ಬಳ್ಳಿಯಲ್ಲಿ ನಾವು ಹುಡುಗರಾಗಿದ್ದಾಗ ಕಂಟ್ರೋಲು ಎಂದರೆ ರೇಷನ್ ಅಂಗಡಿ. ಅವ್ವ ಚೀಲ, ಚಿಮಣಿ ಎಣ್ಣೆಯ ಡಬ್ಬಿ ಕೈಗೆ ಕೊಟ್ಟು “ಕಂಟ್ರೋಲಿಗೆ ಹೋಗಿ ಬಾ” ಎನ್ನುತ್ತಿದ್ದಳು. ಅಂಗಡಿಯವ ನಮ್ಮ ಕಾರ್ಡಿನಲ್ಲೊಮ್ಮೆ, ತನ್ನ ರಜಿಸ್ಟರಿನಲ್ಲೊಮ್ಮೆ ಬರೆದುಕೊಳ್ಳುವವರೆಗೆ ಸಕ್ಕರೆ ನಮ್ಮ ಚೀಲಕ್ಕೆ ಇಳಿಯುತ್ತಿರಲಿಲ್ಲ.

ಹಾಗೆ ಎರಡು ಕಡೆ ಬರೆಯುವುದರಲ್ಲೇ ಈ ಶಬ್ದದ ಹುಟ್ಟು ಇದೆಯೆಂದು ನಿಘಂಟು ತೆರೆದಾಗ ತಿಳಿಯಿತು. ಮೂಲ ಹಳೆಯ ಫ್ರೆಂಚಿನದು. ಲೆಕ್ಕದ ಸುರುಳಿ ‘ರೋಲ್’. ಅದಕ್ಕೆ ಎದುರಾಗಿ ಇಡುವ ಪ್ರತಿ ಸುರುಳಿ ‘ಕಾಂತ್ರರೋಲ್’. ಎರಡನ್ನೂ ತಾಳೆ ನೋಡುವುದೇ ಕಂಟ್ರೋಲು; ಹಿಡಿದು ಆಳುವ ಅರ್ಥ ಆಮೇಲಿನದು. ಸಂವಿಧಾನದ 148ನೆಯ ವಿಧಿಯ ‘ಕಂಪ್ಟ್ರೋಲರ್’ ಕೂಡ ಇದೇ ಮನೆತನದವರು. ಫ್ರೆಂಚಿನಲ್ಲಿ ಲೆಕ್ಕಕ್ಕಿರುವ ಬೇರೆ ಶಬ್ದದೊಡನೆ ತಪ್ಪಾಗಿ ನಂಟು ಕಲ್ಪಿಸಿದ್ದರಿಂದ ಅವರ ಕಾಗುಣಿತ ಹಾಗಾಯಿತು. ತಪ್ಪೊಂದು ಸಂವಿಧಾನದವರೆಗೂ ನಡೆದು ಬಂತಲ್ಲ ಎಂದು ಗುಮಾಸ್ತರಾದ ನಮಗೆ ಒಳಗೊಳಗೇ ಸಮಾಧಾನ!

ನಮ್ಮ ಕನ್ನಡದ ‘ಅಂಕೆ’ಯೂ ಹೀಗೆಯೇ. ಲೆಕ್ಕಕ್ಕೂ ಅದೇ, ಹಿಡಿತಕ್ಕೂ ಅದೇ. ‘ಹತೋಟಿ’ಯ ಮಾತು ಬೇರೆ. ಮುಂಬಯಿಯ ನಮ್ಮ ನೆರೆಮನೆಯ ಮರಾಠಿಯವರಿಗೆ ಅದು ಕೈಚಳಕ. ಹೋಳಿಗೆ ಲಟ್ಟಿಸುವುದಕ್ಕೂ ಹತೋಟಿ ಬೇಕೆನ್ನುತ್ತಾರೆ.

ಬಿ.ಎಸ್ಸಿ. ಓದುವಾಗ ಇನ್ನೊಂದು ಕಂಟ್ರೋಲು ಕಂಡಿದ್ದೆವು. ಒಂದು ಗಿಡಕ್ಕೆ ಗೊಬ್ಬರ ಹಾಕಿ, ಪಕ್ಕದ್ದಕ್ಕೆ ಹಾಕದೆ ಹೋಲಿಸಿ ನೋಡುವ ಪ್ರಯೋಗ. ಏನೂ ಮಾಡದೆ ಬಿಟ್ಟ ಗಿಡವೇ ‘ಕಂಟ್ರೋಲ್’. ಮಕ್ಕಳ ವಿಷಯದಲ್ಲಿ ಆ ಅರ್ಥ ನಮಗೆ ನೆನಪಾಗುವುದು ಕಡಿಮೆ.

ಇಷ್ಟನ್ನೂ ಮಗಳಿಗೆ ಉತ್ಸಾಹದಿಂದ ವಿವರಿಸಿದೆವು. ಪೂರ್ತಿ ಕೇಳಿ, “ಹಂಗಾರ ನನ್ನ ರೋಲ್ ನೀವು ನೋಡ್ತೀರಿ. ನಿಮ್ಮದು ಯಾರು ನೋಡೋವ್ರು?” ಎಂದಳು.

ಲೆಕ್ಕದ ಡೈರಿಯನ್ನು ಕೊಡದೆ ವಿಧಿಯಿರಲಿಲ್ಲ. ಪುಟ ತಿರುವುತ್ತ ಹೋದ ಹುಡುಗಿ ಒಂದೆಡೆ ನಿಂತಳು. ತಿಂಗಳು ತಿಂಗಳೂ ‘ಇತರೆ, 2000’. ಊರಿನಲ್ಲಿ ಒಬ್ಬಳೇ ಇರುವ ನಮ್ಮ ಅಕ್ಕನಿಗೆ ಕಳಿಸುವ ಹಣವದು. ಮನೆ ಪಾಲಾದಾಗ ಅಕ್ಕನಿಗೂ ನಮ್ಮ ಮನೆಯಾಕೆಗೂ ಮಾತು ಬೆಳೆದು ನಿಂತುಹೋಗಿತ್ತು. ಅಂದಿನಿಂದ ಅಕ್ಕ ನಮ್ಮ ಡೈರಿಯಲ್ಲಿ ಇತರೆಯಾಗಿದ್ದಳು.

ಮಗಳು ಏನೂ ಕೇಳದೆ ಡೈರಿಯನ್ನು ಅಡಿಗೆಮನೆಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಧ್ವನಿ ಬಂತು: “ಇತರೆ ಅಂದ್ರ ಯಾರ್ರೀ?”

ಎದ್ದು ಹೋಗಿ ಹೇಳಿದೆವು. ಎರಡು ದಿನ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಈ ತಿಂಗಳು ಆ ಸಾಲನ್ನು ಆಕೆಯೇ ಬರೆದಿದ್ದಾಳೆ: ‘ಅಕ್ಕಗ, 2000’.

ಮಗಳ ಲೆಕ್ಕ ಮಾತ್ರ ಇನ್ನೂ ನಮ್ಮ ಕೈಸೇರಿಲ್ಲ.