ಬಗ್ಗಡದ ಬೆಡಗು

ಮೂವತ್ತೊಂದು ವರ್ಷಗಳ ಕಾಲ ಡೊಂಬಿವಲಿಯ ಕೈಗಾರಿಕಾ ವಲಯದ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕುಳಿತು, ನೀರು ತಿಳಿಯಾಗಿದೆಯೋ ಇಲ್ಲವೋ ಎಂಬುದೊಂದನ್ನೇ ಬೆಳಗಿನಿಂದ ಬೈಗಿನವರೆಗೆ ಅಳೆದು, ಆ ಅಳತೆಯ ಸಂಬಳದಲ್ಲಿಯೇ ಉಲ್ಹಾಸನಗರದಲ್ಲಿ ಎರಡು ಕೋಣೆಯ ಮನೆ ಮಾಡಿ, ಮಕ್ಕಳನ್ನು ಓದಿಸಿ, ನಿವೃತ್ತನಾದ ಮನುಷ್ಯನೊಬ್ಬನು ಅರವತ್ತು ಕಳೆದ ಮೇಲೆ ಬಗ್ಗಡವಾದ ಪಾನೀಯವೊಂದಕ್ಕೆ ಮನಸೋತನೆಂದರೆ, ಅದನ್ನು ವಿಧಿಯ ಪರಿಹಾಸವೆನ್ನಬೇಕೋ, ಬಹುಕಾಲ ಅದುಮಿಟ್ಟ ರುಚಿಯೊಂದು ತೀರಿಸಿಕೊಂಡ ಸೇಡೆನ್ನಬೇಕೋ ನಾನರಿಯೆ. ಆ ಪಾನೀಯವನ್ನು ಬಲ್ಲವರು ಹೇಝಿ ಐಪಿಎ ಎಂದು ಕರೆಯುತ್ತಾರೆ. ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಹೇಝಿ ಎಂದರೆ ಮಬ್ಬು ಕವಿದದ್ದು. ನಮ್ಮೂರ ಮಾತಿನಲ್ಲಿ ಹೇಳುವುದಾದರೆ, ಬಗ್ಗಡದ ಬಿಯರು.

ಕನ್ನಡವಂತೂ ಈ ವಿಷಯದಲ್ಲಿ ಮೊದಲಿನಿಂದಲೂ ಪಕ್ಷಪಾತಿಯಾದ ಭಾಷೆ. ತಿಳಿ ಎಂದರೆ ನಿರ್ಮಲವಾದದ್ದು. ತಿಳಿ ಎಂದರೆ ಅರಿತುಕೋ ಎಂದೂ ಆಗುತ್ತದೆ. ತಿಳಿಗೊಳ, ತಿಳಿಸಾರು, ತಿಳಿಹಾಸ್ಯ ಎಂದು ನಾವು ಮೆಚ್ಚಿದ್ದನ್ನೆಲ್ಲ ಆ ಕಡೆಗೆ ಪೇರಿಸಿ, ಕದಡು, ರಾಡಿ, ಬಗ್ಗಡ, ಕಲಗಚ್ಚು ಎಂಬ ಬೈಗುಳದಂಥ ಪದಗಳನ್ನೆಲ್ಲ ಈ ಕಡೆಗೆ ಗುಡಿಸಿಟ್ಟಿದ್ದೇವೆ. ಕಾರ್ಕಳದ ಸಮೀಪದ ನಮ್ಮ ಮನೆಯಲ್ಲಿ ಮಳೆಗಾಲದ ಬಾವಿಯ ನೀರು ಕೆಂಪಾದಾಗ ಅಜ್ಜಿಯು ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯ್ದು ಒಂದು ರಾತ್ರಿ ಬಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳಕ್ಕಿಳಿದು ಮೇಲಿನ ನೀರಿನಲ್ಲಿ ಕೊಡದ ತಳ ಕಾಣುತ್ತಿತ್ತು. ಅದೇ ಅಜ್ಜಿಯ ಹಿತ್ತಲಿನಾಚೆ, ಮೂರ್ತೆಯವನು ತಾಳೆಯ ಮರದಿಂದಿಳಿಸಿದ ಕಳ್ಳು, ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ನೊರೆಗಟ್ಟಿ ಗಡಿಗೆಯಲ್ಲಿ ಉಸಿರಾಡುತ್ತಿದ್ದುದನ್ನು ನಾನು ಬೇಲಿಯ ಸಂದಿನಿಂದ ನೋಡುತ್ತಿದ್ದೆನೇ ಹೊರತು, ಅಪ್ಪನ ಭಯದಿಂದ ಒಂದು ಹನಿಯನ್ನೂ ನಾಲಗೆಗೆ ತಾಗಿಸಿದವನಲ್ಲ. ಕಾರ್ಖಾನೆಯಲ್ಲಿ ನನಗೆ ಕೊಟ್ಟ ಯಂತ್ರದ ಹೆಸರು ನೆಫೆಲೋಮೀಟರು. ಗ್ರೀಕರ ಭಾಷೆಯಲ್ಲಿ ನೆಫೆಲೆ ಎಂದರೆ ಮೋಡ. ನೀರಿನೊಳಕ್ಕೆ ಬೆಳಕಿನದೊಂದು ಕೋಲನ್ನು ಹಾಯಿಸಿ, ಅದು ತೇಲುಕಣಗಳಿಗೆ ಬಡಿದು ಪಕ್ಕಕ್ಕೆ ಎಷ್ಟು ಚೆದರಿತೆಂಬುದನ್ನು ಲಂಬಕೋನದಲ್ಲಿ ನಿಂತು ನೋಡುವ ಕಣ್ಣು ಅದು. ಕುಡಿಯುವ ನೀರಿನಲ್ಲಿ ಆ ಅಳತೆ 1ನ್ನು ಮೀರಬಾರದು, ಬೇರೆ ಗತಿಯಿಲ್ಲದ ಕಡೆ 5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಆ 1ನ್ನೂ 5ನ್ನೂ ನಾನು ಜಪಮಾಲೆಯಂತೆ ತಿರುಗಿಸಿದ್ದೇನೆ.

ಹೀಗಿದ್ದವನನ್ನು ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗನು ಒಂದು ಶನಿವಾರ ಉಲ್ಹಾಸನಗರದ ಸ್ಟೇಷನ್ನಿನಲ್ಲಿ ಲೋಕಲು ಹತ್ತಿಸಿ, ಒಂದು ಗಂಟೆಗೂ ಮೇಲ್ಪಟ್ಟು ನಿಲ್ಲಿಸಿಕೊಂಡು ಹೋಗಿ ಕರಿ ರೋಡಿನಲ್ಲಿಳಿಸಿ, ಹಿಂದೆ ಮಿಲ್ಲುಗಳಿದ್ದ ಲೋವರ್ ಪರೇಲಿನ ಆವರಣವೊಂದರ ಪಬ್ಬಿಗೆ ನಡೆಸಿಕೊಂಡು ಹೋದನು. ಮುಂದಿಟ್ಟ ಗಾಜಿನ ಲೋಟವನ್ನು ನೋಡಿದಾಕ್ಷಣ ವೃತ್ತಿಬುದ್ಧಿಯು ಜಾಗೃತವಾಗಿ, ಇದು ತಳದ ಗಷ್ಟು, ವಾಪಸು ಕಳಿಸು ಎಂದೆ. ಅವನು ನಕ್ಕನು. ಮಾವಿನ ಸೀಕರಣೆಗೆ ನೀರು ಬೆರೆಸಿದಂಥ ಬಣ್ಣ. ಲೋಟದ ಹಿಂದೆ ಹಿಡಿದ ನನ್ನ ಬೆರಳು ಕಾಣಿಸದು, ಬೆರಳಿನ ನೆರಳೂ ಕಾಣಿಸದು. ಮೂಗಿನ ಹತ್ತಿರ ತಂದೆನೋ ಇಲ್ಲವೋ, ಸಿಪ್ಪೆ ಸುಲಿದ ಕಿತ್ತಳೆ, ಮಾಗಿದ ಸೀಬೆ, ಅದರ ಹಿಂದೆ ಎಲ್ಲಿಯೋ ಆಗ ತಾನೆ ಕೊಯ್ದ ಹುಲ್ಲು. ಕಹಿಯು ಬರುವುದೆಂದು ನಾಲಗೆಯನ್ನು ಬಿಗಿಹಿಡಿದು ಕಾದೆ. ಅದು ಬಂದದ್ದು ನುಂಗಿದ ಬಳಿಕ, ಹಾಗಲಕಾಯಿಯಂತಲ್ಲ, ಕಿತ್ತಳೆಯ ಬಿಳಿಯ ನಾರಿನಂತೆ, ಕ್ಷಮೆ ಕೇಳಿಕೊಂಡು ಬಂದಿತು. ಬಾಯಿಯ ತುಂಬ ಗಂಜಿಯ ಮೇಲಿನ ಕೆನೆಯಂಥದೊಂದು ಮೃದುತ್ವ. ಬೇಲಿಯ ಸಂದಿನ ಆ ಗಡಿಗೆ ನನಗೆ ನೆನಪಾದದ್ದು ಆಗಲೇ.

ಆ ಬಗ್ಗಡವು ಅಜಾಗರೂಕತೆಯಿಂದ ಉಳಿದ ಕೊಳೆಯಲ್ಲವೆಂದು ಮನಗಂಡ ಮೇಲೆ ನನ್ನ ಕುತೂಹಲವು ರಸಾಯನಶಾಸ್ತ್ರದ ಹಾದಿಯನ್ನು ಹಿಡಿಯಿತು. ಬಾರ್ಲಿಯ ಮಾಲ್ಟಿನ ಜತೆಗೆ ಓಟ್ಸನ್ನೂ ಗೋಧಿಯನ್ನೂ ಧಾರಾಳವಾಗಿ ಸೇರಿಸುತ್ತಾರೆ. ಆ ಧಾನ್ಯಗಳ ಪ್ರೋಟೀನು ಹಾಪ್ ಹೂವಿನ ಪಾಲಿಫಿನಾಲುಗಳೊಡನೆ ಕೈಹಿಡಿದು, ತಳಕ್ಕಿಳಿಯಲಾರದಷ್ಟು ಸೂಕ್ಷ್ಮವಾದ ಕಣಗಳಾಗಿ ತೇಲುತ್ತದೆ. ಹಾಪ್ ಹೂವನ್ನು ಬಹಳ ಹೊತ್ತು ಕುದಿಸಿದರೆ ಕಹಿ ಹೆಚ್ಚಿ ಸುಗಂಧ ಹಾರಿಹೋಗುವುದರಿಂದ, ಒಲೆಯಾರಿದ ಮೇಲೆ, ಹುದುಗು ಇನ್ನೂ ಉಕ್ಕುತ್ತಿರುವಾಗಲೇ ಸುರಿದು ಅದರ ತೈಲವನ್ನು ಉಳಿಸಿಕೊಳ್ಳುತ್ತಾರೆ. ನನ್ನ ಪಾಲಿಗೆ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ನೀರಿನ ವಿಷಯ. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಮ್ಮಿನ ಅಂಶ ಹೆಚ್ಚು; ಆ ಸಲ್ಫೇಟು ಹಾಪ್ಸಿನ ಕಹಿಯನ್ನು ಸಾಣೆ ಹಿಡಿದಂತೆ ಚುರುಕುಗೊಳಿಸುತ್ತದೆ. ಹಳೆಯ ಇಂಡಿಯಾ ಪೇಲ್ ಏಲಿನ ಕೀರ್ತಿಗೆ ಆ ನೀರೇ ಕಾರಣ. ಹೇಝಿಯವರು ಅದನ್ನು ತಲೆಕೆಳಗು ಮಾಡಿ, ಸಲ್ಫೇಟನ್ನು ತಗ್ಗಿಸಿ ಕ್ಲೋರೈಡನ್ನು ಏರಿಸಿದರು. ಅಲಗು ಹೋಗಿ ರೇಷ್ಮೆ ಬಂದಿತು. ನಮ್ಮ ಕಾರ್ಖಾನೆಗೆ ಬರುತ್ತಿದ್ದ ಬಾರವಿ ಅಣೆಕಟ್ಟಿನ ನೀರು ಸಹ್ಯಾದ್ರಿಯ ಮಳೆಯಿಂದ ಬಂದದ್ದು, ಬಹಳ ಮೃದು, ಲವಣಗಳ ಗೊಡವೆಯಿಲ್ಲದ್ದು. ಇಂಥ ನೀರಿಗೆ ಬೇಕಾದ ಉಪ್ಪನ್ನು ಬೇಕಾದಷ್ಟೇ ಕೊಡಬಹುದು. ಮೂರು ದಶಕ ಅದನ್ನು ಬಾಯ್ಲರಿಗೆ ಕುಡಿಸಿದೆವಲ್ಲ ಎಂದು ಈಗ ಮರುಗುತ್ತೇನೆ.

ಇಂಡಿಯಾ ಎಂಬ ಹೆಸರು ಅದಕ್ಕೇಕೆ ಬಂದಿತೆಂಬ ಕಥೆ ಸರ್ವವಿದಿತ. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಪ್ತಾನರು ಪೀಪಾಯಿಗಳನ್ನು ಕೊಂಡು ತರುತ್ತಿದ್ದರು. 1822ರ ಸುಮಾರಿಗೆ ಬರ್ಟನ್ನಿನ ಆಲ್‌ಸಪ್ಪನು ಆ ವ್ಯಾಪಾರಕ್ಕೆ ಕೈಹಾಕಿದನು. ಹಡಗಿನ ದೀರ್ಘ ಪ್ರಯಾಣವನ್ನು ತಾಳಲೆಂದೇ ಹಾಪ್ಸನ್ನು ಹೆಚ್ಚಿಸಿ ಈ ಬಿಯರನ್ನು ಕಂಡುಹಿಡಿದರೆಂಬ ಐತಿಹ್ಯವನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಅದೇ ಹಡಗುಗಳಲ್ಲಿ ಕಪ್ಪು ಪೋರ್ಟರು ಸಹ ಕೆಡದೆ ಬರುತ್ತಿತ್ತು. ಆದರೂ ಗುಡ್‌ಹೋಪ್ ಭೂಶಿರವನ್ನು ಬಳಸಿ ತಿಂಗಳುಗಟ್ಟಲೆ ತೇಲಿ, ಸಮಭಾಜಕವೃತ್ತವನ್ನು ಎರಡು ಸಲ ದಾಟಿ ಮುಂಬಯಿಗೆ ಬಂದಿಳಿಯುವಷ್ಟರಲ್ಲಿ ಅದು ಪಳಗಿ, ಸ್ಫಟಿಕದಂತೆ ತಿಳಿಯಾಗಿ ಹೊಳೆಯುತ್ತಿತ್ತೆಂಬುದು ನಿಜ. ಈಗಿನ ಸೋಜಿಗವನ್ನು ನೋಡಿ. ಅದರ ಮರಿಮಗನಾದ ಈ ಹೇಝಿಗೆ ಗಾಳಿಯ ಸೋಂಕು ತಾಗಿದರಾಯಿತು, ಕೆಲವೇ ವಾರಗಳಲ್ಲಿ ಹೊನ್ನಿನ ಬಣ್ಣ ಕಂದಾಗಿ, ಕಿತ್ತಳೆಯ ಪರಿಮಳ ಒದ್ದೆ ರಟ್ಟಿನ ವಾಸನೆಯಾಗುತ್ತದೆ. ಸಮುದ್ರಗಳನ್ನು ದಾಟಿ ಹೆಸರು ಗಳಿಸಿದ ವಂಶದ ಕುಡಿ, ಇಂದು ಬೇಸಗೆಯಲ್ಲಿ ಲೋವರ್ ಪರೇಲಿನಿಂದ ಕಲ್ಯಾಣದವರೆಗೆ ಬರಲಾರದು!

ಈ ಸುಕುಮಾರನ ತೌರುಮನೆ ಅಮೆರಿಕದ ವರ್ಮಾಂಟ್. ಅಲ್ಲಿಯ ವಾಟರ್‌ಬರಿ ಎಂಬ ಸಣ್ಣ ಊರಿನಲ್ಲಿ ಜಾನ್ ಕಿಮಿಚ್ ಎಂಬವರು ಪತ್ನಿಯೊಡನೆ 2003ರಲ್ಲಿ ದಿ ಆಲ್ಕೆಮಿಸ್ಟ್ ಎಂಬ ಪಬ್ಬನ್ನು ತೆರೆದು, ತಮ್ಮ ಗುರು ಗ್ರೆಗ್ ನೂನನ್ನರಿಂದ ಪಡೆದ ಯೀಸ್ಟಿನಿಂದ ಹೆಡಿ ಟಾಪರ್ ಎಂಬ ಏಲನ್ನು ಮಾಡಿದರು. 2011ರಲ್ಲಿ ಐರೀನ್ ಚಂಡಮಾರುತದ ಪ್ರವಾಹ ಆ ಪಬ್ಬನ್ನು ಮುಳುಗಿಸಿತಾದರೂ, ಆಗಷ್ಟೇ ಬೇರೊಂದೆಡೆ ಆರಂಭಿಸಿದ್ದ ಡಬ್ಬಿ ತುಂಬುವ ಕಾರ್ಖಾನೆ ಉಳಿಯಿತು. ಆ ಡಬ್ಬಿಯ ಮೇಲೆ, ಇದನ್ನು ಲೋಟಕ್ಕೆ ಬಗ್ಗಿಸದೆ ಡಬ್ಬಿಯಿಂದಲೇ ಕುಡಿಯಿರಿ ಎಂಬ ಅರ್ಥದ ಸೂಚನೆಯನ್ನು ಅಚ್ಚು ಹಾಕಿಸಿದರು. ಪರಿಮಳ ಹಾರಿಹೋಗದಿರಲೆಂದು ಹಾಗೆ ಮಾಡಿದ್ದಿರಬೇಕು. ನನಗೇನೋ ಹೆಣ್ಣು ತೋರಿಸುವ ಮುನ್ನ ಮುಸುಕೆಳೆದ ಹಾಗೆ ಕಾಣುತ್ತದೆ. ಮುಸುಕು ಬಹುಕಾಲ ನಿಲ್ಲಲಿಲ್ಲ. 2018ರಲ್ಲಿ ಅಮೆರಿಕದ ಬ್ರೂವರುಗಳ ಸಂಘವು ಮಬ್ಬಿನ ಐಪಿಎಗೆ ತನ್ನ ಪಟ್ಟಿಯಲ್ಲಿ ಪ್ರತ್ಯೇಕ ಪಂಕ್ತಿಯನ್ನೇ ಕೊಟ್ಟಿತು.

ಸಾಗಿಸಲಾಗದ ವಸ್ತುವಾದ್ದರಿಂದ ಊರೂರಿಗೂ ತನ್ನದೇ ಮಬ್ಬು. ತಂಗಿಯ ಮಗನ ದೆಸೆಯಿಂದ ನಾನು ಕೆಲವನ್ನು ಕಂಡಿದ್ದೇನೆ. ಬೆಂಗಳೂರಿನಲ್ಲಿ 2010ರಲ್ಲಿ ಇಂದಿರಾನಗರದ ಟಾಯ್ಟ್, ಅದಾದ ಮೇಲೆ ಆರ್ಬರ್, ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಎಂದು ಸಾಲುಗಟ್ಟಿದ ಮೇಲೆ, ಬಿಯರು ಅಲ್ಲಿ ಕಾಫಿಯಷ್ಟೇ ಸಲಿಗೆಯದಾಯಿತು. ಗೋಧಿಯ ಬಿಯರಿನ ಮಬ್ಬಿಗೆ ಮೊದಲೇ ಒಗ್ಗಿದ ಜನ ಹೇಝಿಯನ್ನು ಕಂಡು ಹುಬ್ಬೇರಿಸಲಿಲ್ಲ. ಅಲ್ಲಿಯ ಹೇಝಿ ಸಂಜೆಯ ಹವೆಯಂತೆ ಹಗುರ, ತುಸು ಸಿಹಿ, ಮಾತಿಗೆ ಅಡ್ಡಬಾರದ್ದು. ಎರಡನೆಯ ಲೋಟದಲ್ಲಿ ಅದನ್ನು ಕುಡಿಯುತ್ತಿದ್ದೇವೆಂಬುದೇ ಮರೆತುಹೋಗುತ್ತದೆ, ಅದನ್ನು ದೋಷವೆಂದೇ ನಾನು ಎಣಿಸುತ್ತೇನೆ. ಪುಣೆಯದು ಪಂಡಿತರ ಮಬ್ಬು. 2009ರಲ್ಲಿ ಡೂಲಾಲಿ ಆರಂಭವಾದ ಊರದು. ಆಮೇಲೆ ಬಂದ ಇಂಡಿಪೆಂಡೆನ್ಸ್, ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಮೊದಲಾದವರ ಕೂಟದಲ್ಲಿ ಕುಳಿತರೆ, ಇದರಲ್ಲಿ ಸಿಟ್ರಾ, ಇದರಲ್ಲಿ ಮೊಸಾಯಿಕ್, ಇದು ಆಸ್ಟ್ರೇಲಿಯದ ಗ್ಯಾಲಕ್ಸಿ ಎಂದು ಪಕ್ಕದ ಮೇಜಿನವರೇ ಹಾಪ್ಸಿನ ಗೋತ್ರಪ್ರವರ ಹೇಳುತ್ತಾರೆ. ಅಲ್ಲಿಯ ಬಿಯರು ಒಣಗಿದ ಅಂಚಿನದು, ಪರಿಮಳ ದಟ್ಟ, ಮಾತು ಇನ್ನೂ ದಟ್ಟ. ನನಗೆ ಅದೇ ಹೆಚ್ಚು ಪ್ರಿಯ. ಗೋವೆಯಲ್ಲಿ ಎಯ್ಟ್ ಫಿಂಗರ್ ಎಡ್ಡಿ ಎಂಬ ಐಪಿಎ ಇದೆ; ಅಂಜುನಾದಲ್ಲಿ ಬಹುಕಾಲ ಬಾಳಿ 2010ರಲ್ಲಿ ತೀರಿಕೊಂಡ ಹಿಪ್ಪಿಯೊಬ್ಬನ ಹೆಸರದು. ಕಡಲಿನ ಉಪ್ಪುಗಾಳಿಯಲ್ಲಿ ಎಲ್ಲವೂ ರುಚಿಯಾಗಿರುವುದರಿಂದ ಅದರ ಬಗ್ಗೆ ನನ್ನ ತೀರ್ಪನ್ನು ಕಾದಿರಿಸಿದ್ದೇನೆ. ಮುಂಬಯಿಯದು ಬೆವರಿಗೆ ಸಿಕ್ಕ ವಿಶ್ರಾಂತಿ. ಬೆಲೆಯ ಚೀಟಿ ಬಂದಾಗ ಮಬ್ಬು ಕೂಡಲೇ ಹರಿಯುತ್ತದೆ.

ಇನ್ನು ನಮ್ಮ ಸೀಮೆ. ಡೊಂಬಿವಲಿಯ ಹೆಸರು ಈ ಚರಿತ್ರೆಯಲ್ಲಿ ಇಲ್ಲದಿಲ್ಲ; ವೈಟ್ ಝೆನ್ ಎಂಬ ಗೋಧಿಯ ಬಿಯರಿನ ಗೇಟ್‌ವೇ ಬ್ರೂಯಿಂಗ್ ಕಂಪನಿ ನೆಲೆಯೂರಿದ್ದು ಅಲ್ಲಿಯೇ. ನಾನು ನೀರನ್ನು ತಿಳಿಗೊಳಿಸುತ್ತಿದ್ದ ಊರಿನಲ್ಲಿಯೇ ಯಾರೋ ಶ್ರದ್ಧೆಯಿಂದ ಬಗ್ಗಡ ಮಾಡುತ್ತಿದ್ದರೆಂಬುದು ನನಗೆ ತಿಳಿದದ್ದು ತಡವಾಗಿ. ಠಾಣೆ, ನವಿ ಮುಂಬಯಿಗಳ ಹೊಳೆಯುವ ಮಹಡಿಗಳವರೆಗೆ ಹೇಝಿಯನ್ನು ಹುಡುಕಿಕೊಂಡು ಹೋಗಬಹುದು. ಕಲ್ಯಾಣವನ್ನು ದಾಟಿ ವಿಠ್ಠಲವಾಡಿಯ ಕಡೆಗೆ ಗಾಡಿ ಹೊರಳಿತೆಂದರೆ ಮುಂದೆಲ್ಲ ಪರ್ಮಿಟ್ ರೂಮುಗಳ ರಾಜ್ಯ. ಉಲ್ಹಾಸನಗರದ ಶಂಕುಸ್ಥಾಪನೆಯನ್ನು, ಯುದ್ಧಕಾಲದ ಸೈನಿಕರು ಬಿಟ್ಟುಹೋದ ಕಲ್ಯಾಣ್ ಕ್ಯಾಂಪಿನಲ್ಲಿ, ಸಿಂಧದಿಂದ ಬಂದ ನಿರಾಶ್ರಿತರ ಸಲುವಾಗಿ ರಾಜಾಜಿಯವರು ನೆರವೇರಿಸಿದ್ದು 1949ರ ಆಗಸ್ಟ್ 8ರಂದು. ಕುಡಿಯಲು ಪರವಾನಗಿ ಬೇಕೆನ್ನುವ ಮುಂಬಯಿಯ ಪಾನನಿರೋಧ ಕಾನೂನಿನ ವರ್ಷವೂ 1949. ಊರೂ ಪರ್ಮಿಟ್ಟೂ ಓರಗೆಯವು. ನಮ್ಮ ಓಣಿಯ ಪರ್ಮಿಟ್ ರೂಮಿನ ಗಲ್ಲೆಯಲ್ಲಿ ಕೂರುವವರು ಉಡುಪಿಯ ಕಡೆಯವರು, ನನ್ನೊಡನೆ ತುಳುವಿನಲ್ಲಿ ಮಾತನಾಡುವವರು. ಮಬ್ಬಿನ ಬಿಯರು ತರಿಸುವಿರಾ ಎಂದು ಒಮ್ಮೆ ಕೇಳಿದಾಗ ಅವರ ಮುಖ ಸಣ್ಣದಾಯಿತು. ಕೆಟ್ಟ ಬಾಟಲಿ ಏನಾದರೂ ನಿಮಗೆ ಬಂದಿತ್ತೇ, ಎಂದರು. ಬದಲಿಗೆ ಒಂದು ಸ್ಟ್ರಾಂಗು ಪುಕ್ಕಟೆ ಕೊಡಲು ಹೊರಟರು. ಉಲ್ಹಾಸನಗರದ ಪದಾರ್ಥಗಳ ಮೇಲಿನ ‘ಮೇಡ್ ಇನ್ ಯು.ಎಸ್.ಎ.’ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ನಗೆಮಾತೊಂದಿದೆ. ಎಲ್ಲವನ್ನೂ ಅನುಕರಿಸಬಲ್ಲೆವೆಂದು ಬೀಗುವ ಊರು ಅಮೆರಿಕದ ಈ ಒಂದನ್ನು ಮಾತ್ರ ಏಕೆ ಬಿಟ್ಟಿತೆಂದು ನಾನು ಬಹಳ ದಿನ ಯೋಚಿಸಿದ್ದುಂಟು.

ನಿವೃತ್ತಿಯ ದಿನ ಕಾರ್ಖಾನೆಯವರು ಗುಜರಿಗೆ ಹಾಕಲಿದ್ದ ಹಳೆಯ ನೆಫೆಲೋಮೀಟರನ್ನು ನಾನು ಕೇಳಿ ಪಡೆದಿದ್ದೆ. ಹೋದ ಚೈತ್ರದಲ್ಲಿ ಲೋವರ್ ಪರೇಲಿನಿಂದ ಅಂಗೈಯಗಲದ ಮಾದರಿ ಸೀಸೆಯೊಂದರಲ್ಲಿ ಮೂರು ಗುಟುಕಿನಷ್ಟು ಹೇಝಿಯನ್ನು, ಬಡಿಸುವ ಹುಡುಗನು ಅನುಮಾನದಿಂದ ನೋಡುತ್ತಿದ್ದಂತೆಯೇ ತುಂಬಿಕೊಂಡು ತಂದೆ. ಗುಳ್ಳೆಗಳೂ ಬೆಳಕನ್ನು ಚೆದರಿಸುವುದರಿಂದ ಒಂದು ತಾಸು ಕದಲಿಸಿ ಗಾಳಿಯನ್ನೆಲ್ಲ ಬಿಡಿಸಿ, ನಳಿಕೆಗೆ ಹೊಯ್ದು, 100ರ ಮಾಪಕದಲ್ಲಿಟ್ಟು ಗುಂಡಿಯನ್ನೊತ್ತಿದೆ. ಜೀವಮಾನವೆಲ್ಲ 1ಕ್ಕೂ 5ಕ್ಕೂ ನಡುವೆ ನಡುಗಿದ್ದ ಮುಳ್ಳು ಒಂದೇ ನೆಗೆತಕ್ಕೆ ಕೊನೆಯ ಗೆರೆಗೆ ಬಡಿದು ಅಲ್ಲಿಯೇ ನಿಂತಿತು. ಗಳಿಗೆ ಹೊತ್ತು ಸುಮ್ಮನೆ ನೋಡುತ್ತ ಕುಳಿತೆ.

ಅಷ್ಟರಲ್ಲಿ ಪಕ್ಕದ ಮನೆಯ ಸಿಂಧಿ ಮುದುಕಿ, ಬೇಸಗೆ ಬಂದಿತೆಂದರೆ ತಪ್ಪದೆ ಕಳಿಸುವ ಥಾದಲನ್ನು ತಾನೇ ಹಿಡಿದು ತಂದಳು. ಬಾದಾಮಿ, ಗಸಗಸೆ, ಕರಬೂಜದ ಬೀಜ, ಸೋಂಪು, ಏಲಕ್ಕಿ, ಮೆಣಸು, ಗುಲಾಬಿಯ ಎಸಳುಗಳನ್ನು ರಾತ್ರಿ ನೆನೆಹಾಕಿ, ಕಲ್ಲಿನಲ್ಲಿ ನುಣ್ಣಗೆ ಅರೆದು, ಮಲ್ಲು ಬಟ್ಟೆಯಲ್ಲಿ ಹಿಂಡಿ ಹಿಂಡಿ ತೆಗೆದ ಹಾಲು. ಕಣಕಣವೂ ತೇಲುವುದು, ಯಾವುದೊಂದೂ ತಳಕ್ಕಿಳಿಯದು. ಬಿಯರನ್ನು ಚೆಲ್ಲದೆ ಕುಡಿದು ಮುಗಿಸಿ, ನಳಿಕೆಯನ್ನು ತೊಳೆದು, ಥಾದಲನ್ನು ಹೊಯ್ದು ಯಂತ್ರದಲ್ಲಿಟ್ಟೆ. ಮುಳ್ಳು ಮತ್ತೆ ಅದೇ ಗೆರೆಗೆ ಹೋಗಿ ಬಡಿಯಿತು. ನಾನು ಕೊಳೆಯನ್ನು ಹುಡುಕುತ್ತಿದ್ದೇನೆಂದು ಬಗೆದ ಮುದುಕಿ ಹುಬ್ಬು ಗಂಟಿಕ್ಕಿ, ಗಾಜಿನ ನಳಿಕೆಯನ್ನು ನನ್ನ ಕೈಯಿಂದ ಕಸಿದುಕೊಂಡು ಕಿಟಕಿಗೆ ಹಿಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಕಿಟಕಿಯ ಸರಳು ಒಂದೂ ಅದರೊಳಗಿಂದ ಕಾಣಿಸಲಿಲ್ಲ. ಸರಿಯಾಗಿದೆ ಎಂದು ತಲೆಯಾಡಿಸಿ, ನಳಿಕೆಯನ್ನು ಹಿಂದಕ್ಕೆ ಕೊಟ್ಟಳು.