ನೂರು ಪೌಂಡ್ ಸಾಲದ ಗಿಟಾರು, ಕಾರ್ಕ್ ಎಂಬ ಊರು

ಕಾರ್ಕ್! ಬಾಟಲಿ ಬಾಯಿಗೆ ಹೊಡೆಯುವ ಬಿರಡೆಯಲ್ಲ ಸ್ವಾಮಿ, ಊರು! ಐರ್ಲೆಂಡ್ ದೇಶದ ದಕ್ಷಿಣದಲ್ಲಿ, ಲೀ ಎಂಬ ನದಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ, ನಡುಗಡ್ಡೆಯ ಮೇಲೆ ಕೂತ ಊರು. ಎಲ್ಲಿ ನಿಂತು ನೋಡಿದರೂ ಒಂದು ಸೇತುವೆ, ಒಂದು ಚರ್ಚಿನ ಗೋಪುರ, ಒಂದು ಪಬ್ಬು. ಮೂರನೆಯದರ ಬಗ್ಗೆ ಹೆಚ್ಚು ಕೇಳಬೇಡಿ, ನನ್ನ ಜೊತೆ ನಮ್ಮಮ್ಮ ಇದ್ದರು!

ಭದ್ರಾವತಿಯ ನನಗೂ ಕಾರ್ಕಿಗೂ ಏನು ಸಂಬಂಧ? ಅಕ್ಕ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. 2024ರ ನವೆಂಬರಿನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಇಂಗ್ಲಿಷ್ ಬಾರದ ಅಮ್ಮನನ್ನು ವಿಮಾನದಿಂದ ವಿಮಾನಕ್ಕೆ ಹತ್ತಿಸಿ ಇಳಿಸಲು ಒಬ್ಬ ಗಂಡಾಳು ಬೇಕು. ಮನೆಯಲ್ಲಿ ಸದಾ ಬಿಡುವಾಗಿರುವ ಗಂಡಾಳು ಯಾರು? ಪತ್ರಿಕೆಗಳಿಗೆ ಬರೆದುಕೊಂಡು ಓಡಾಡುವ ಈ ಬಡಪಾಯಿ! ಟಿಕೆಟ್ಟು ಭಾವನದು, ಅಂಟಿನುಂಡೆ ಡಬ್ಬ ಅಮ್ಮನದು, ಆಸೆ ಮಾತ್ರ ನನ್ನದು.

ಯಾಕೆಂದರೆ ಅಕ್ಕನ ಊರಿನ ಹೆಸರು ಕೇಳಿದ ದಿನದಿಂದ ನನ್ನ ತಲೆಯಲ್ಲಿ ಕೂತಿದ್ದವನು ಒಬ್ಬನೇ. ರೋರಿ ಗ್ಯಾಲಘರ್. ಚೌಕಳಿ ಶರಟು, ಹೆಗಲ ಮೇಲೆ ಬೀಳುವ ಕೂದಲು, ಕೊರಳಲ್ಲಿ ಸುಲಿದ ಮೈಯ ಗಿಟಾರು.

ಬಯಸಿದ್ದು ಕೆಂಪು, ಬಂದದ್ದು ಕಂದು

ಮೊದಲು ಆ ಗಿಟಾರಿನ ಕಥೆ ಕೇಳಿ. ಯಾವ ಚಿತ್ರಕಥೆಗೂ ಕಡಿಮೆಯಿಲ್ಲ.

1960ರ ದಶಕದ ಐರ್ಲೆಂಡಿನಲ್ಲಿ 'ಷೋಬ್ಯಾಂಡ್' ಎಂಬ ತಂಡಗಳ ಕಾಲ. ಒಂದೇ ಬಣ್ಣದ ಕೋಟು ತೊಟ್ಟ ಏಳೆಂಟು ಜನ, ರೇಡಿಯೋದಲ್ಲಿ ಹಿಟ್ಟಾದ ಹಾಡುಗಳನ್ನು ಊರೂರಿನ ಡ್ಯಾನ್ಸ್ ಹಾಲಿನಲ್ಲಿ ನುಡಿಸುವುದು. ಗಣೇಶನ ಹಬ್ಬದ ನಮ್ಮ ಆರ್ಕೆಸ್ಟ್ರಾ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಅಂಥದ್ದೇ ರಾಯಲ್ ಷೋಬ್ಯಾಂಡಿನ ಗಿಟಾರ್ ವಾದಕ ಜಿಮ್ ಕಾನ್ಲನ್ ಅಮೆರಿಕದ ಫೆಂಡರ್ ಕಂಪನಿಯ ಕೆಂಪು ಸ್ಟ್ರಾಟೋಕ್ಯಾಸ್ಟರ್ ಬೇಕೆಂದು ಆರ್ಡರ್ ಕೊಟ್ಟ. ಬಂದದ್ದು ಕೆಂಪಲ್ಲ, ಸನ್‌ಬರ್ಸ್ಟ್! ಅಂದರೆ ನಡುವೆ ಹಳದಿ, ಅಂಚಿಗೆ ಹೋದಂತೆ ಕಂದು, ಕಪ್ಪು. 1961ರಲ್ಲಿ ತಯಾರಾದ ಮಾಲು. ಕೆಂಪು ಬರುವವರೆಗೆ ಇದರಲ್ಲೇ ನುಡಿಸಿ, ಅದು ಬಂದ ಕೂಡಲೆ ಇದನ್ನು ಮಾರಾಟಕ್ಕಿಟ್ಟ. ಐರ್ಲೆಂಡಿಗೆ ಬಂದ ಮೊದಲ ಸ್ಟ್ರಾಟೋಕ್ಯಾಸ್ಟರ್ ಇದೇ ಎಂದು ಅಲ್ಲಿನವರ ನಂಬಿಕೆ.

ಹೀಗೆ ಅದು ಕಾರ್ಕಿನ ಮರ್ಚೆಂಟ್ಸ್ ಕೀ ಎಂಬ ನದಿ ದಂಡೆಯ ಕ್ರೌಲಿ ಸಂಗೀತದ ಅಂಗಡಿಯ ಗಾಜಿನ ಹಿಂದೆ ಬಂದು ಕೂತಿತು. ಬೆಲೆ 100 ಪೌಂಡ್. 1963ರ ಆಗಸ್ಟ್. ಗಾಜಿಗೆ ಮೂಗು ಒತ್ತಿ ನಿಂತ ಹುಡುಗನಿಗೆ 15 ವರ್ಷ. ಡೊನೆಗಾಲ್ ಜಿಲ್ಲೆಯ ಬ್ಯಾಲಿಷ್ಯಾನನ್‌ನಲ್ಲಿ 1948ರ ಮಾರ್ಚ್ 2ರಂದು ಹುಟ್ಟಿ ಕಾರ್ಕ್‌ನಲ್ಲಿ ಬೆಳೆದವನು. ಕಿಸೆಯಲ್ಲಿ ಕಾಸಿಲ್ಲ, ಮನೆಯಲ್ಲಿ ತಾಯಿಯ ಕಣ್ಣು ಕೆಂಪು. ಹುಡುಗ ಹೂಡಿದ ವಾದ ಏನು ಗೊತ್ತೆ? "ಈ ಗಿಟಾರ್ ಇದ್ದರೆ ತಾಳಕ್ಕೂ ನಾನೇ, ಒಂಟಿ ನುಡಿಗೂ ನಾನೇ. ಇನ್ನೊಬ್ಬ ಗಿಟಾರಿನವನ ಸಂಬಳ ಉಳಿಯುತ್ತೆ!" ಅಂತೂ ಸಾಲದ ಮೇಲೆ ಗಿಟಾರು ಮನೆಗೆ ಬಂತು. ಹುಡುಗ ತಾನೂ ಒಂದು ಷೋಬ್ಯಾಂಡ್ ಸೇರಿ, ನುಡಿಸಿ ಸಾಲ ತೀರಿಸಲು ಹೊರಟ.

ನಾನು ಮರ್ಚೆಂಟ್ಸ್ ಕೀಗೆ ಹೋಗಿ ನಿಂತೆ. ಈಗ ಅಲ್ಲಿ ದೊಡ್ಡ ಶಾಪಿಂಗ್ ಸೆಂಟರು. ಕ್ರೌಲಿ ಅಂಗಡಿ ಬೇರೆ ಬೀದಿಗೆ ಹೋಗಿ ಅಲ್ಲೂ ಬಾಗಿಲು ಹಾಕಿ ವರ್ಷಗಳಾದವು. ಮಳೆ ಹುಯ್ಯುತ್ತಿತ್ತು. ಆಗುಂಬೆ ಮಳೆ ಬಂದರೆ ಬಂತು ಅಂತ ಗೊತ್ತಾಗುತ್ತೆ. ಕಾರ್ಕಿನ ಮಳೆ ಹಾಗಲ್ಲ, ಸಾಲಗಾರನ ಹಾಗೆ. ಹೋದ ಅಂದುಕೊಂಡು ಛತ್ರಿ ಮಡಿಸಿದರೆ ಮತ್ತೆ ಬಾಗಿಲಲ್ಲಿ!

ಬೆವರಿಗೆ ಕರಗಿದ ಬಣ್ಣ

1960ರ ದಶಕದಲ್ಲೇ ಡಬ್ಲಿನ್‌ನಲ್ಲಿ ಈ ಗಿಟಾರನ್ನು ಕಳ್ಳರು ಹೊತ್ತೊಯ್ದರು. ಟಿ.ವಿ.ಯಲ್ಲಿ ಪೊಲೀಸರ ಕಾರ್ಯಕ್ರಮದಲ್ಲೂ ಸುದ್ದಿ ಬಂತು. ಕಡೆಗೆ ಸಿಕ್ಕಿದ್ದು ಒಂದು ಚರಂಡಿಹಳ್ಳದಲ್ಲಿ, ಮಳೆಯಲ್ಲಿ ನೆನೆದು, ಮೈಯೆಲ್ಲ ತರಚಿ. ಆಮೇಲೆ ಅದನ್ನು ಮಾರುವುದಿಲ್ಲ, ಅದಕ್ಕೆ ಹೊಸ ಬಣ್ಣ ಬಳಿಸುವುದೂ ಇಲ್ಲ ಅಂತ ಹುಡುಗ ಆಣೆ ಮಾಡಿದ. ಸಾಯುವವರೆಗೂ ಆ ಆಣೆ ಮುರಿಯಲಿಲ್ಲ.

ಆ ಕಾಲದ ಗಿಟಾರಿಗೆ ಬಳಿಯುತ್ತಿದ್ದುದು ನೈಟ್ರೋಸೆಲ್ಯುಲೋಸ್ ಎಂಬ ತೆಳು ಮೆರುಗೆಣ್ಣೆ. ದೀಪದ ಬಿಸಿಯಲ್ಲಿ ಗಂಟೆಗಟ್ಟಲೆ ನುಡಿಸುವ ರೋರಿಯ ಬೆವರು ಅದನ್ನು ತಿಂದೇ ಬಿಟ್ಟಿತು. ಹಳದಿ ಹೋಯಿತು, ಕಪ್ಪು ಹೋಯಿತು, ಒಳಗಿನ ಆಲ್ಡರ್ ಮರ ಬೆತ್ತಲಾಗಿ ನಿಂತಿತು. ಮೆಟ್ಟಿಲು ತಂತಿಗಳು ಸವೆದು ಎಷ್ಟೋ ಸಲ ಬದಲಾದವು. ಬಿರಡೆಗಳೂ ಬದಲಾದವು, ಆರರಲ್ಲಿ ಒಂದು ಬೇರೆ ಜಾತಿಯದು! ನಮ್ಮ ಕೆ.ಎಸ್.ಆರ್.ಟಿ.ಸಿ. ಹಳೇ ಬಸ್ಸಿನ ಹಾಗೆ, ಬಿಡಿಭಾಗ ಯಾವುದೋ, ಓಟ ಮಾತ್ರ ಅದೇ.

ತಮಾಷೆ ಕೇಳಿ. 1997ರಲ್ಲಿ ಫೆಂಡರ್ ಕಂಪನಿ ಇದೇ ಗಿಟಾರಿನ ನಕಲು ಮಾಡಿ ಮಾರಾಟಕ್ಕೆ ತಂದಿತು. ಹೊಚ್ಚಹೊಸ ಗಿಟಾರು, ಆದರೆ ಬಣ್ಣ ಕೆರೆದದ್ದು, ಗೀರು ಹಾಕಿದ್ದು! ರೋರಿ ಮೂವತ್ತು ವರ್ಷ ಬೆವರು ಸುರಿಸಿ ಮಾಡಿದ ಕೆಲಸವನ್ನು ಕಾರ್ಖಾನೆಯಲ್ಲಿ ಸಂಬಳಕ್ಕೆ ಮಾಡುತ್ತಾರೆ. ಹರಿದ ಜೀನ್ಸ್ ಪ್ಯಾಂಟಿಗೆ ಹೆಚ್ಚು ಬೆಲೆ ಕೊಡುವ ನಾವು ನಗುವ ಹಾಗಿಲ್ಲ ಬಿಡಿ.

ಹಳೇ ಮರಕ್ಕೇಕೆ ಈ ಬೆಲೆ?

ಸ್ಟ್ರಾಟೋಕ್ಯಾಸ್ಟರ್ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೋ ಫೆಂಡರ್‌ನ ಕಾರ್ಖಾನೆಯಲ್ಲಿ. 1965ರ ಜನವರಿಯಲ್ಲಿ ಕಂಪನಿಯನ್ನು ಸಿ.ಬಿ.ಎಸ್. ಎಂಬ ದೊಡ್ಡ ಸಂಸ್ಥೆ 1.3 ಕೋಟಿ ಡಾಲರ್‌ಗೆ ಕೊಂಡಿತು. ಉತ್ಪಾದನೆ ಹೆಚ್ಚಿತು, ಕೈಗೆಲಸದ ಗುಣ ಇಳಿಯಿತು ಎಂದು ವಾದಕರ ದೂರು. ಅದಕ್ಕೇ ಆ ಮಾರಾಟಕ್ಕೆ ಮುಂಚಿನ ಗಿಟಾರುಗಳೆಂದರೆ ಸಂಗ್ರಹಕಾರರಿಗೆ ಪಂಚಪ್ರಾಣ.

ಇನ್ನೊಂದು ಕಾರಣ ಮರ. ನಮ್ಮಪ್ಪ ಸಾಮಿಲ್ಲಿನಲ್ಲಿ ದುಡಿದವರು, ಆದ್ದರಿಂದ ಇದು ನನಗೆ ಚೆನ್ನಾಗಿ ಹಿಡಿಸಿತು. 1961ರ ಸ್ಟ್ರಾಟಿನ ಕತ್ತಿನ ಮೇಲೆ, ಬೆರಳು ಓಡುವ ಪಟ್ಟಿ ಬ್ರೆಜಿಲ್ ದೇಶದ ರೋಸ್‌ವುಡ್. ನಮ್ಮ ಮಲೆನಾಡಿನ ಬೀಟೆಯ ದಾಯಾದಿ! 1992ರಲ್ಲಿ ಆ ಮರದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಬಿತ್ತು. ಗಿಟಾರು ಮಾಡುವವರು ಆ ಜಾಗಕ್ಕೆ ಹೆಚ್ಚಾಗಿ ತಂದುಕೊಂಡದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಬೀಟೆಯನ್ನೇ. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು: "ಹಂಗಾದ್ರೆ ನಿಮ್ಮಪ್ಪ ಕೊಯ್ದ ಮರಾನೂ ಎಲ್ಲೋ ಹಾಡ್ತಿರಬೇಕು ಬಿಡು."

ರೋರಿಗೆ ಹಳೇ ಗಿಟಾರೆಂದರೆ ಬಂಡವಾಳವಲ್ಲ. ಅಮೆರಿಕಕ್ಕೆ ಹೋದರೆ ಗಿರವಿ ಅಂಗಡಿ ಹೊಕ್ಕು, ಯಾರಿಗೂ ಬೇಡವಾದ ಅಗ್ಗದ ಗಿಟಾರುಗಳನ್ನೂ ಹುಡುಕಿ ತರುತ್ತಿದ್ದ. ತಂದದ್ದನ್ನು ಗಾಜಿನ ಬೀರುವಿನಲ್ಲಿ ಇಡದೆ ವೇದಿಕೆಗೆ ಹತ್ತಿಸುತ್ತಿದ್ದ. 1975ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ತಮಗೊಬ್ಬ ಗಿಟಾರಿನವನು ಬೇಕೆಂದು ರಾಟರ್‌ಡ್ಯಾಮಿಗೆ ಕರೆದಾಗಲೂ, ಹೋಗಿ ಜೊತೆಗೆ ನುಡಿಸಿ, ಒಪ್ಪಿಕೊಂಡಿದ್ದ ಜಪಾನ್ ಕಾರ್ಯಕ್ರಮ ತಪ್ಪಿಸಬಾರದೆಂದು ಎದ್ದು ಬಂದ!

ಸಿನಿಮಾ ಇದೆ, ನೋಡಿ

ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಇಲ್ಲದಿದ್ದರೆ ಹೇಗೆ? 'ಐರಿಷ್ ಟೂರ್ '74', ನಿರ್ದೇಶಕ ಟೋನಿ ಪಾಮರ್. 1974ರ ಜನವರಿಯಲ್ಲಿ, ಉತ್ತರ ಐರ್ಲೆಂಡಿನಲ್ಲಿ ಬಾಂಬು-ಬಂದೂಕಿನ ಗಲಭೆ ಹೊತ್ತಿ ಉರಿಯುತ್ತಿದ್ದ ಹೊತ್ತಿನಲ್ಲಿ, ಬೇರೆ ತಂಡಗಳು ಬೆಲ್‌ಫಾಸ್ಟಿಗೆ ಕಾಲಿಡಲು ಹೆದರುತ್ತಿದ್ದಾಗ, ಈತ ಅಲ್ಲಿನ ಅಲ್ಸ್ಟರ್ ಹಾಲಿನಲ್ಲಿ ನುಡಿಸಿದ. ಆಮೇಲೆ ಡಬ್ಲಿನ್‌ನಲ್ಲಿ ಕಾರ್ಲ್‌ಟನ್ ಎಂಬ ಚಿತ್ರಮಂದಿರದಲ್ಲಿ, ಕಾರ್ಕಿನಲ್ಲಿ ಸಿಟಿ ಹಾಲಿನಲ್ಲಿ. ಅಕ್ಕನ ಮನೆಯಲ್ಲಿ ರಾತ್ರಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಈ ಚಿತ್ರ ನೋಡಿದೆ. ಗಿಟಾರು ಕಿರುಚಿದಾಗ ಮಗು ಸುಮ್ಮನಾಗುತ್ತಿತ್ತು, ನಿಂತಾಗ ಕಿರುಚುತ್ತಿತ್ತು. ಸೋದರಮಾವನಿಗೆ ಇದಕ್ಕಿಂತ ಹೆಮ್ಮೆ ಬೇಕೆ?

"ಎಷ್ಟು ಜನ ಮಕ್ಳು ಅವನಿಗೆ?" ಅಮ್ಮನ ಪ್ರಶ್ನೆ.

"ಮದ್ವೇನೇ ಆಗ್ಲಿಲ್ಲಮ್ಮ."

"ಗಿಟಾರೇ ಹೆಂಡ್ತಿ ಅನ್ನು. ನೀನೂ ಅದೇ ದಾರಿ ಹಿಡೀಬೇಡ."

ಅಕ್ಕ ನರ್ಸಿನ ದನಿಯಲ್ಲಿ ಹೇಳಿದಳು: "ಲಿವರ್ ಹೋಯ್ತು ಕಣೋ ಅವನಿಗೆ." ನಿಜ. ವಿಮಾನವೆಂದರೆ ಭಯ, ಭಯಕ್ಕೆ ಮಾತ್ರೆ, ಮಾತ್ರೆಯ ಜೊತೆ ಮದ್ಯ. ಲಿವರ್ ಬದಲಿಸಿದರೂ ಸೋಂಕು ಬಿಡಲಿಲ್ಲ. 1995ರ ಜೂನ್ 14, ಲಂಡನ್. ಬರೀ 47 ವರ್ಷ. ಕಾರ್ಕಿನ ಹೊರವಲಯದ ಸೇಂಟ್ ಆಲಿವರ್ ಸ್ಮಶಾನದಲ್ಲಿ ಮಲಗಿದ್ದಾನೆ.

ಕಂಚಿನ ಗಿಟಾರಿನ ಮುಂದೆ

ಕಾರ್ಕ್ ಬಿಡುವ ಹಿಂದಿನ ದಿನ ಅಕ್ಕ, ನಾನು, ತಳ್ಳುಗಾಡಿಯಲ್ಲಿ ಮಗು. ಪಾಲ್ ಸ್ಟ್ರೀಟಿನ ಪುಟ್ಟ ಚೌಕಕ್ಕೆ 1997ರಲ್ಲಿ ರೋರಿಯ ಹೆಸರಿಟ್ಟಿದ್ದಾರೆ. ಬಾಲ್ಯದ ಗೆಳತಿ ಜೆರಾಲ್ಡಿನ್ ಕ್ರೀಡನ್ ಮಾಡಿದ ಶಿಲ್ಪ ಅಲ್ಲಿದೆ, ಸುತ್ತಿ ಹರಿಯುವ ಪಟ್ಟಿಗಳ ನಡುವೆ ಒಂದು ಸ್ಟ್ರಾಟೋಕ್ಯಾಸ್ಟರ್. ನಿಜವಾದ ಗಿಟಾರು ಅಲ್ಲಿಲ್ಲ. ನಾವು ಹೋಗುವ ತಿಂಗಳ ಹಿಂದೆ, 2024ರ ಅಕ್ಟೋಬರ್ 17ರಂದು, ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದು 8,89,400 ಪೌಂಡಿಗೆ ಹೋಗಿತ್ತು. ನಮ್ಮ ಲೆಕ್ಕದಲ್ಲಿ 9 ಕೋಟಿಗೂ ಮೇಲೆ! ಕೊಂಡ ಐರಿಷ್ ಸಂಗೀತ ಸಂಸ್ಥೆ ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಲೆಂದೇ ಕೊಂಡಿತ್ತು. ಸಾಲದಲ್ಲಿ ಬಂದ ಗಿಟಾರು ದೇಶದ ಸೊತ್ತಾಯಿತು.

ಕಂಚಿನ ಗಿಟಾರಿನ ಮುಂದೆ ನಿಂತು ಹನ್ನೊಂದು ವರ್ಷದ ಗುಟ್ಟು ಬಾಯಿಬಿಟ್ಟೆ.

2013ರಲ್ಲಿ ಅಕ್ಕ ಮಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ನನ್ನ ಪಿ.ಯು.ಸಿ. ಫೀಸಿಗೂ ಟ್ಯೂಷನ್ನಿಗೂ ಅಂತ 6,500 ರೂಪಾಯಿ ಕಳಿಸಿದ್ದಳು. ಶಂಕರ್‌ನಾಗ್‌ರ 'ಗೀತಾ' ನೋಡಿ ನೋಡಿ ತಲೆ ಕೆಟ್ಟಿದ್ದ ನಾನು ಆ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರು ತಂದೆ. ಕಾಲೇಜಿಗೆ ಶರಣು ಹೊಡೆದು ಆರ್ಕೆಸ್ಟ್ರಾ ಸೇರಿದೆ. ಹನ್ನೊಂದು ಕಾರ್ಯಕ್ರಮ ನುಡಿಸಿದೆ. ಯಜಮಾನ, ಹೆಸರು ಬೇಡ, ಊಟ ಹಾಕಿದ, ಕಾಸು ಕೊಡಲಿಲ್ಲ. ಅಪ್ಪ ಮಲಗಿದಾಗ ಗಿಟಾರನ್ನು 4,000ಕ್ಕೆ ಮಾರಿ ಔಷಧಿ ತಂದೆ. ಅಕ್ಕನಿಗೆ ಹೇಳಿದ್ದು ಮಾತ್ರ, "ಫೇಲಾದೆ" ಅಂತ.

ಅಕ್ಕ ತಳ್ಳುಗಾಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಎಳೆದಳು. ತುಸು ಹೊತ್ತು ಮಾತಿಲ್ಲ. ಆಮೇಲೆ ಶಿಲ್ಪದ ಕಡೆ ಕೈ ತೋರಿಸಿ,

"ಈ ಹುಡುಗ ಸಾಲ ತೀರಿಸಿದ್ನಾ?"

"ನುಡಿಸಿ ನುಡಿಸಿ ತೀರಿಸ್ದ ಅಕ್ಕ."

"ಹಂಗಾದ್ರೆ ನೀನೂ ತೀರ್ಸು. ಆರೂವರೆ ಸಾವಿರ. ಬಡ್ಡಿ ಬೇಡ." ಎರಡು ಹೆಜ್ಜೆ ನಡೆದು ತಿರುಗಿದಳು. "ಅಪ್ಪನ ಔಷಧಿಗೆ ಹೋದ ನಾಲ್ಕು ಸಾವಿರ ಕಳಿ. ಎರಡೂವರೆ ಕೊಡು ಸಾಕು. ಫೇಲಾದೆ ಅಂದ್ಯಲ್ಲ, ಅದಕ್ಕೆ ನಾನು ಎಷ್ಟು ಅತ್ತಿದ್ದೆ ಗೊತ್ತೇನೋ?"

ಗೊತ್ತಿರಲಿಲ್ಲ. ಮಳೆ ಮತ್ತೆ ಶುರುವಾಯಿತು. ಮೂವರೂ ಒಂದೇ ಛತ್ರಿಯಲ್ಲಿ ನಡೆದೆವು.

ಓದುಗ ಮಿತ್ರರೇ, ಈ ಲೇಖನಕ್ಕೆ ಸಂಪಾದಕರು ಕೊಡುವ ಸಂಭಾವನೆ ಅಕ್ಕನಿಗೆ ಮೊದಲ ಕಂತು. ಉಳಿದದ್ದಕ್ಕೆ ಇನ್ನೂ ಕೆಲವು ಲೇಖನ ಬರೆಯಬೇಕು. ಓದುತ್ತೀರಿ ತಾನೆ?